ಮಾತ್ರೆಯ ಮುಖ ನೋಡಿ ಒಳಗನ್ನು ಹೇಳಲಾಗದು

ಅಂಗೈ ಮೇಲೆ ಎರಡು ಮಾತ್ರೆಗಳಿವೆ ಎಂದುಕೊಳ್ಳೋಣ. ಎರಡೂ ದುಂಡಗಿವೆ, ಎರಡರದೂ ತಿಳಿನೀಲಿ ಬಣ್ಣ. ಒಂದು ಮುಖದಲ್ಲಿ ಪುಟ್ಟ ಚೌಕದೊಳಗೆ ‘ಎಂ’ ಎಂಬ ಇಂಗ್ಲಿಷ್ ಅಕ್ಷರದ ಅಚ್ಚು. ಮಗುಚಿದರೆ 30 ಎಂಬ ಅಂಕಿ, ಅದರ ಕೆಳಗೆ ಮಾತ್ರೆಯನ್ನು ಅರ್ಧ ಮಾಡಿಕೊಳ್ಳಲು ಎಳೆದ ಗೀರು. ಅಮೆರಿಕದಲ್ಲಿ ತೀವ್ರ ನೋವಿಗೆ ವೈದ್ಯರು ಬರೆದುಕೊಡುವ ಆಕ್ಸಿಕೊಡೋನ್ ಎಂಬ ಔಷಧದ 30 ಮಿಲಿಗ್ರಾಂ ಮಾತ್ರೆ ಹೀಗಿರುತ್ತದೆ. ಎರಡರಲ್ಲಿ ಒಂದು ಪರವಾನಗಿ ಪಡೆದ ಕಾರ್ಖಾನೆಯಲ್ಲಿ ತಯಾರಾಗಿ, ಔಷಧ ವಿತರಕರ ಕೈ ದಾಟಿ, ವೈದ್ಯರ ಚೀಟಿಯ ಮೇಲೆ ರೋಗಿಗೆ ಸಿಕ್ಕಿದ್ದು. ಇನ್ನೊಂದು ಯಾವುದೋ ಕೋಣೆಯಲ್ಲಿ, ಕಳ್ಳ ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಅದರಲ್ಲಿ ಆಕ್ಸಿಕೊಡೋನಿನ ಒಂದು ಕಣವೂ ಇಲ್ಲದೆ, ಬದಲಿಗೆ ಫೆಂಟನಿಲ್ ಎಂಬ ಅತಿ ಪ್ರಬಲ ನೋವು ನಿವಾರಕ ಇರಬಹುದು. ಯಾವುದು ಯಾವುದೆಂದು ಹೇಳಿ ಎಂದರೆ, ನಲವತ್ತು ವರ್ಷ ಔಷಧದ ಅಂಗಡಿಯಲ್ಲಿ ಕುಳಿತವರೂ ಬರಿಗಣ್ಣಿನಿಂದ ನೋಡಿ ಖಚಿತವಾಗಿ ಹೇಳಲಾರರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅರ್ಧ ದೂರ ಮಾತ್ರ ಬರುತ್ತದೆ. ಹಾಲನ್ನಾದರೂ ರುಚಿ ನೋಡಿ, ಕಾಯಿಸಿ ನೋಡಿ ತಿಳಿಯಬಹುದು. ಮಾತ್ರೆಯ ವಿಷಯದಲ್ಲಿ ಕಣ್ಣು, ಮೂಗು, ನಾಲಿಗೆ ಯಾವುದೂ ನೆರವಿಗೆ ಬರುವುದಿಲ್ಲ. ಅದರ ಬಹುಪಾಲು ತೂಕ ಯಾವ ಗುಣವೂ ಇಲ್ಲದ ಪುಡಿಯದು. ಕೆಲಸ ಮಾಡುವ ಔಷಧಾಂಶ ಅನೇಕ ವೇಳೆ ಕೆಲವೇ ಮಿಲಿಗ್ರಾಂ. ಆ ಕೆಲವು ಮಿಲಿಗ್ರಾಂ ಏನು, ಎಷ್ಟು ಎಂಬುದನ್ನು ಮಾತ್ರೆಯ ಬಣ್ಣವಾಗಲಿ ಆಕಾರವಾಗಲಿ ಅಚ್ಚಾಗಲಿ ಹೇಳುವುದಿಲ್ಲ. ಅದನ್ನು ಹೇಳುವುದು ಆ ಮಾತ್ರೆ ಯಾರ ಯಾರ ಕೈ ದಾಟಿ ಬಂತು ಎಂಬ ಇತಿಹಾಸವೊಂದೇ. ನಕಲಿ ಮಾತ್ರೆಗಳ ಕುರಿತು ತಿಳಿಯಬೇಕಾದದ್ದರಲ್ಲಿ ಹೆಚ್ಚಿನದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಮೊದಲು ಪದಗಳ ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಮಾತಿನಲ್ಲಿ ನಾವು ನಕಲಿ, ಕಳಪೆ, ಡೂಪ್ಲಿಕೇಟ್ ಎಂಬ ಪದಗಳನ್ನು ಒಂದರ ಬದಲು ಒಂದು ಬಳಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಇವುಗಳ ನಡುವೆ ಗೆರೆ ಎಳೆಯಿತು. ಅಧಿಕೃತ ತಯಾರಕರೇ ತಯಾರಿಸಿದ್ದು, ಆದರೆ ತಯಾರಿಕೆಯ ಲೋಪದಿಂದಲೋ ಬಿಸಿಲು ತೇವಗಳಲ್ಲಿ ಇಟ್ಟು ಕೆಡಿಸಿದ್ದರಿಂದಲೋ ನಿಗದಿತ ಗುಣಮಟ್ಟವನ್ನು ಮುಟ್ಟದ್ದು ಕಳಪೆ ಔಷಧ. ತನ್ನ ಹೆಸರು, ಒಳಗಿರುವ ವಸ್ತು ಅಥವಾ ಮೂಲದ ಬಗ್ಗೆ ಉದ್ದೇಶಪೂರ್ವಕವಾಗಿ ಸುಳ್ಳು ಹೇಳುವುದು ಹುಸಿ ಔಷಧ. ಮೊದಲನೆಯದರ ಹಿಂದೆ ಅಜಾಗರೂಕತೆ ಇರಬಹುದು. ಎರಡನೆಯದರ ಹಿಂದೆ ಮೋಸವಿದೆ. ವ್ಯಾಪಾರದ ಗುರುತನ್ನು ಕದಿಯುವುದು ಕಂಪನಿಗಳ ತಗಾದೆ, ಒಳಗಿನ ವಸ್ತುವಿನ ಬಗ್ಗೆ ಸುಳ್ಳು ಹೇಳುವುದು ಜೀವದ ಪ್ರಶ್ನೆ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಬಾರದೆಂಬುದೇ ಆ ಗೆರೆಯ ಉದ್ದೇಶವಾಗಿತ್ತು. ಈ ಲೇಖನದಲ್ಲಿ ನಕಲಿ ಎಂದಾಗಲೆಲ್ಲ ಎರಡನೆಯ ಬಗೆಯದನ್ನೇ ಹೇಳುತ್ತಿದ್ದೇನೆ.

ನಕಲಿ ಮಾತ್ರೆ ಎಂದಾಕ್ಷಣ ಸುಣ್ಣದ ಪುಡಿಯನ್ನು ಒತ್ತಿ ಮಾರುವ ಚಿತ್ರ ಮನಸ್ಸಿಗೆ ಬರುತ್ತದೆ. ಹಣ ಹೋಯಿತು, ಕಾಯಿಲೆ ಉಳಿಯಿತು, ಅಷ್ಟೇ ಎಂಬ ಸಮಾಧಾನವೂ ಅದರೊಂದಿಗೆ ಬರುತ್ತದೆ. ನಿಜಕ್ಕೂ ಒಳಗೆ ಏನೂ ಇಲ್ಲದಿರಬಹುದು, ಇರಬೇಕಾದದ್ದು ಕಡಿಮೆ ಇರಬಹುದು, ಬೇರೆಯೇ ಔಷಧ ಇರಬಹುದು, ಇಲ್ಲವೇ ಸಾಯುವಷ್ಟು ಪ್ರಬಲವಾದದ್ದು ಇರಬಹುದು. ಬೇರೆಯೇ ಔಷಧ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಈಶಾನ್ಯ ಭಾಗದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2014ರ ಕೊನೆಯಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ವಿಚಿತ್ರ ಲಕ್ಷಣಗಳ ರೋಗಿಗಳು ಬರತೊಡಗಿದರು. ಕುತ್ತಿಗೆ ಬಿಗಿದು ಒಂದು ಬದಿಗೆ ತಿರುಚಿಕೊಂಡಿತ್ತು, ಮುಖದ ಸ್ನಾಯುಗಳು ಸೆಟೆದಿದ್ದವು, ನಾಲಿಗೆ ಹಿಡಿತ ತಪ್ಪಿತ್ತು. ಕುತ್ತಿಗೆ ಸೆಟೆಯುವುದು ಮಿದುಳು ಪೊರೆಯ ಉರಿಯೂತದ, ಅಂದರೆ ಮೆನಿಂಜೈಟಿಸ್‌ನ ಲಕ್ಷಣವಾದ್ದರಿಂದ ವೈದ್ಯರು ಮೊದಲು ಆ ಸೋಂಕು ಹಬ್ಬಿದೆಯೆಂದೇ ಶಂಕಿಸಿದರು. ಸೋಂಕಿನ ಸುಳಿವು ಸಿಗಲಿಲ್ಲ. ಕೊನೆಗೆ ಈ ರೋಗಿಗಳು ನುಂಗಿದ್ದ ಮಾತ್ರೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಡಬ್ಬಿಯ ಮೇಲೆ ಬರೆದದ್ದು ಆತಂಕ ಶಮನಕ್ಕೆ ಕೊಡುವ ಡಯಾಜೆಪಾಮ್. ಒಳಗಿದ್ದದ್ದು ತೀವ್ರ ಮನೋರೋಗಗಳಿಗೆ ಕೊಡುವ ಹ್ಯಾಲೊಪೆರಿಡಾಲ್. ಸ್ನಾಯುಗಳನ್ನು ಹೀಗೆ ಸೆಟೆಯಿಸುವುದು ಹ್ಯಾಲೊಪೆರಿಡಾಲಿನ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. 2015ರ ಆಗಸ್ಟ್ ಹೊತ್ತಿಗೆ ಹೀಗೆ ತೊಂದರೆಗೊಳಗಾದವರ ಸಂಖ್ಯೆ ಸಾವಿರ ದಾಟಿತ್ತು. ಇಲ್ಲಿ ಗಮನಿಸಬೇಕಾದ್ದು ರೋಗಿಗಳ ಸಂಖ್ಯೆಯನ್ನಷ್ಟೇ ಅಲ್ಲ. ವೈದ್ಯರು ಕಾಯಿಲೆಯನ್ನು ಹುಡುಕುತ್ತಿದ್ದರು, ಔಷಧವನ್ನು ಶಂಕಿಸುವ ಯೋಚನೆ ಬರಲು ತಡವಾಯಿತು. ನಕಲಿ ಔಷಧ ಇಷ್ಟು ದಿನ ಬದುಕಿಕೊಂಡು ಬಂದಿರುವುದೇ ಹೀಗೆ: ಅದು ಮಾಡುವ ಹಾನಿಯೆಲ್ಲ ಯಾವುದೋ ರೋಗದ ಲೆಕ್ಕಕ್ಕೆ ಹೋಗುತ್ತದೆ.

ಸಿಂಗಪುರದ ಘಟನೆ ಇದಕ್ಕೆ ಹತ್ತಿರದ್ದು. 2008ರ ಜನವರಿಯಿಂದ ಮೇ ತಿಂಗಳವರೆಗೆ ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳಿಗೆ ರಕ್ತದ ಸಕ್ಕರೆ ತೀರಾ ಕುಸಿದ ಸ್ಥಿತಿಯಲ್ಲಿ 150 ಮಂದಿ ದಾಖಲಾದರು. ಅವರಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತವೆಂದು ಕದ್ದುಮುಚ್ಚಿ ಮಾರುತ್ತಿದ್ದ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಮಧುಮೇಹದ ಔಷಧ ಭಾರೀ ಪ್ರಮಾಣದಲ್ಲಿ ಬೆರೆತಿತ್ತು. ಏಳು ಮಂದಿ ಪ್ರಜ್ಞೆ ಮರಳದೆ ಉಳಿದರು. ಅವರಲ್ಲಿ ನಾಲ್ವರು ತೀರಿಕೊಂಡರು. ಏನು ತೆಗೆದುಕೊಂಡಿರಿ ಎಂದು ವೈದ್ಯರು ಕೇಳಿದಾಗ ಬಾಯಿಬಿಟ್ಟು ಹೇಳಲು ಯಾರಿಗೂ ಸುಲಭವಾಗದಂಥ ಮಾತ್ರೆಗಳು ಅವು. ನಾಚಿಕೆಯ ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಔಷಧಾಂಶವೇ ಇಲ್ಲದ, ಅಥವಾ ಚಿಟಿಕೆಯಷ್ಟು ಮಾತ್ರ ಇರುವ ಮಾತ್ರೆಗಳು ನಿರಪಾಯಕಾರಿ ಎಂದು ತಿಳಿಯುವುದೂ ತಪ್ಪು. ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ಇದಕ್ಕೆ ಉದಾಹರಣೆ. ಆಗ್ನೇಯ ಏಷ್ಯಾದ ದೇಶಗಳಲ್ಲಿ ಅಂಗಡಿಗಳಿಂದ ಕೊಂಡು ತಂದ 104 ಮಾದರಿಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 38ರಷ್ಟು ಮಾದರಿಗಳಲ್ಲಿ ಆರ್ಟಿಸುನೇಟ್ ಇರಲೇ ಇಲ್ಲ. ಅಸಲಿ ತಯಾರಕರು ಪೊಟ್ಟಣದ ಮೇಲೆ ಮಿನುಗುವ ಹೊಲೊಗ್ರಾಂ ಅಂಟಿಸಿದರೆ, ಕೆಲವೇ ದಿನಗಳಲ್ಲಿ ನಕಲಿಯ ಮೇಲೂ ಹೊಲೊಗ್ರಾಂ ಬಂತು. ಕೆಲವು ನಕಲಿಗಳಲ್ಲಿ ಪ್ಯಾರಸಿಟಮಾಲ್ ಸೇರಿಸಿದ್ದರು. ಇದರ ಕ್ರೌರ್ಯವನ್ನು ನಿಧಾನವಾಗಿ ಯೋಚಿಸಬೇಕು: ಪ್ಯಾರಸಿಟಮಾಲ್ ಜ್ವರವನ್ನು ಇಳಿಸುತ್ತದೆ, ಮನೆಯವರಿಗೆ ರೋಗಿ ಚೇತರಿಸಿಕೊಳ್ಳುತ್ತಿದ್ದಾನೆಂಬ ಧೈರ್ಯ ಬರುತ್ತದೆ, ಆಸ್ಪತ್ರೆಗೆ ಹೋಗುವುದು ಮುಂದಕ್ಕೆ ಬೀಳುತ್ತದೆ, ಒಳಗೆ ರೋಗಾಣು ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಮಾತ್ರೆಗಳೊಳಗೆ ಸಿಕ್ಕಿದ ಹೂವಿನ ಪರಾಗದ ಕಣಗಳನ್ನೂ ಖನಿಜದ ಅಂಶವನ್ನೂ ಆಧರಿಸಿ, ಅವುಗಳಲ್ಲಿ ಕೆಲವಾದರೂ ದಕ್ಷಿಣ ಚೀನಾದಲ್ಲಿ ತಯಾರಾದವೆಂದು ವಿಜ್ಞಾನಿಗಳು ಪತ್ತೆ ಹಚ್ಚಿದರು. ಗಾಳಿಯಲ್ಲಿ ಹಾರಿಬಂದು ಕಳ್ಳ ಕಾರ್ಖಾನೆಯ ಪುಡಿಯೊಳಗೆ ಬಿದ್ದ ಪರಾಗವೇ ಸಾಕ್ಷಿ ಹೇಳಿದ ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಔಷಧಾಂಶ ಚೂರು ಮಾತ್ರ ಇದ್ದಾಗ ಇನ್ನೂ ಒಂದು ತೊಂದರೆ ಇದೆ. ರೋಗಾಣುವನ್ನು ಕೊಲ್ಲಲು ಸಾಲದ, ಆದರೆ ಅದಕ್ಕೆ ಔಷಧದ ಪರಿಚಯ ಮಾಡಿಸಲು ಸಾಕಾಗುವಷ್ಟು ಪ್ರಮಾಣ ದೇಹಕ್ಕೆ ಹೋದರೆ, ಆ ಔಷಧಕ್ಕೆ ಬಗ್ಗದ ರೋಗಾಣುಗಳು ಉಳಿದು ಹಬ್ಬುತ್ತವೆ. ಆಗ ಅಸಲಿ ಮಾತ್ರೆ ನುಂಗಿದವರಿಗೂ ಅದು ನಾಟುವುದಿಲ್ಲ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಪ್ರತಿ 10 ವೈದ್ಯಕೀಯ ಉತ್ಪನ್ನಗಳಲ್ಲಿ ಒಂದು ಕಳಪೆ ಅಥವಾ ಹುಸಿಯೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು.

ಈಗ ನೀಲಿ ಮಾತ್ರೆಗೆ ಮರಳೋಣ. ಇಂದು ಅತಿ ಬೇಗ ಕೊಲ್ಲುವ ನಕಲಿ ಅದೇ.

ಫೆಂಟನಿಲ್ ಸ್ವತಃ ವಿಷವಲ್ಲ, ಬೆಲೆಬಾಳುವ ಔಷಧ. ಬೆಲ್ಜಿಯಂನ ಪಾಲ್ ಯಾನ್ಸನ್ ಅವರ ಪ್ರಯೋಗಾಲಯದಲ್ಲಿ ಸುಮಾರು 1960ರ ಹೊತ್ತಿಗೆ ರೂಪುಗೊಂಡ ಇದನ್ನು ಶಸ್ತ್ರಚಿಕಿತ್ಸೆಗಳಲ್ಲಿ, ಕ್ಯಾನ್ಸರ್ ರೋಗಿಗಳ ನೋವಿನಲ್ಲಿ ವೈದ್ಯರು ಇಂದಿಗೂ ನೆಚ್ಚಿಕೊಂಡಿದ್ದಾರೆ. ಇದು ಮಾರ್ಫಿನ್‌ಗಿಂತ ಸುಮಾರು 100 ಪಟ್ಟು, ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲ. ಆದ್ದರಿಂದಲೇ ಅರಿವಳಿಕೆ ತಜ್ಞರು ಇದನ್ನು ಮಿಲಿಗ್ರಾಂಗಳಲ್ಲಿ ಅಳೆಯದೆ ಮೈಕ್ರೋಗ್ರಾಂಗಳಲ್ಲಿ ಅಳೆಯುತ್ತಾರೆ. ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. ಶಸ್ತ್ರಚಿಕಿತ್ಸೆಯ ವೇಳೆ ಒಮ್ಮೆಗೆ ಕೊಡುವುದು ಸಾಮಾನ್ಯವಾಗಿ 50ರಿಂದ 100 ಮೈಕ್ರೋಗ್ರಾಂ, ಅದೂ ಉಸಿರಾಟವನ್ನು ಕಣ್ಣಿಟ್ಟು ನೋಡುವ ಪರಿಣತರು ಪಕ್ಕದಲ್ಲಿರುವಾಗ. ಈ ಔಷಧದ ಅಭ್ಯಾಸವಿಲ್ಲದವರಿಗೆ 2 ಮಿಲಿಗ್ರಾಂ ಪ್ರಾಣಕ್ಕೆ ಎರವಾಗಬಹುದೆಂದು ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಹೇಳುತ್ತದೆ. ಎರಡು ಮಿಲಿಗ್ರಾಂ ಎಂದರೆ ಪೆನ್ಸಿಲಿನ ಮೊನೆಯ ಮೇಲೆ ನಿಲ್ಲುವ ಹತ್ತು ಹದಿನೈದು ಉಪ್ಪಿನ ಹರಳುಗಳಷ್ಟು.

ಇಷ್ಟು ಸೂಕ್ಷ್ಮ ಪ್ರಮಾಣದ ವಸ್ತುವನ್ನು ಮಾತ್ರೆಗೆ ಸೇರಿಸುವುದು ಹೇಗೆ ಎಂಬಲ್ಲಿಯೇ ಅಸಲಿಗೂ ನಕಲಿಗೂ ಇರುವ ನಿಜವಾದ ಅಂತರವಿದೆ. ಪರವಾನಗಿ ಪಡೆದ ಕಾರ್ಖಾನೆಯಲ್ಲಿ ಔಷಧಾಂಶವನ್ನು ಮೊದಲು ಸ್ವಲ್ಪವೇ ಪೂರಕ ಪುಡಿಯೊಂದಿಗೆ ಕಲಸಿ, ಆ ಮಿಶ್ರಣಕ್ಕೆ ಅಷ್ಟೇ ಪುಡಿ, ಅದಕ್ಕೆ ಮತ್ತಷ್ಟು ಎಂದು ಹಂತಹಂತವಾಗಿ ಹೆಚ್ಚಿಸುತ್ತ ಹೋಗುತ್ತಾರೆ. ದೊಡ್ಡ ಯಂತ್ರದಲ್ಲಿ ನಿಗದಿತ ಹೊತ್ತು ತಿರುಗಿಸಿದ ಮೇಲೆ ಪುಡಿಯ ಬೇರೆ ಬೇರೆ ಭಾಗಗಳಿಂದ ಮಾದರಿ ತೆಗೆದು ಎಲ್ಲ ಕಡೆ ಔಷಧ ಒಂದೇ ಸಮನಾಗಿದೆಯೇ ಎಂದು ನೋಡುತ್ತಾರೆ. ಮಾತ್ರೆ ಒತ್ತಿದ ನಂತರವೂ ಬಿಡಿ ಮಾತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಒಂದು ಮಾತ್ರೆಗೂ ಮತ್ತೊಂದಕ್ಕೂ ವ್ಯತ್ಯಾಸ ಮಿತಿ ಮೀರಿದರೆ ಆ ಬ್ಯಾಚು ಹೊರಗೆ ಹೋಗುವಂತಿಲ್ಲ.

ಕಳ್ಳ ತಯಾರಕನ ಬಳಿ ಇರುವುದು ಒಂದು ಪಾತ್ರೆ, ಒಂದು ಸೌಟು ಅಥವಾ ಅಡುಗೆಯ ಮಿಕ್ಸರ್, ಮಾತ್ರೆ ಒತ್ತುವ ಒಂದು ಸಣ್ಣ ಯಂತ್ರ. ಲೆಕ್ಕವನ್ನು ಹೀಗೆ ಹಾಕಿ ನೋಡಬಹುದು. ಮಾತ್ರೆಯೊಂದರ ತೂಕ 100 ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಂದು ಲಕ್ಷ ಮಾತ್ರೆಗೆ 10 ಕಿಲೋ ಪುಡಿ ಬೇಕು. ಪ್ರತಿ ಮಾತ್ರೆಯಲ್ಲೂ ಒಂದು ಮಿಲಿಗ್ರಾಂ ಫೆಂಟನಿಲ್ ಇರಲಿ ಎಂದು ಅವನು ಬಯಸಿದರೆ ಆ 10 ಕಿಲೋಗೆ ಹಾಕಬೇಕಾದದ್ದು 100 ಗ್ರಾಂ, ಅಂದರೆ ಒಂದು ಹಿಡಿ. ಹತ್ತು ಕಿಲೋ ಹಿಟ್ಟಿಗೆ ಒಂದು ಹಿಡಿ ಉಪ್ಪು ಹಾಕಿ ಒಣ ಹಿಟ್ಟಿನಲ್ಲೇ ಕೈಯಾಡಿಸಿದರೆ ಪ್ರತಿ ಚಿಟಿಕೆಯಲ್ಲೂ ಉಪ್ಪು ಸಮನಾಗಿರುತ್ತದೆಯೇ ಎಂಬುದನ್ನು ಅಡುಗೆ ಮಾಡಿ ಗೊತ್ತಿರುವವರು ಯಾರಾದರೂ ಹೇಳಬಲ್ಲರು. ಒಂದು ಮೂಲೆಯಲ್ಲಿ ಉಂಡೆಗಟ್ಟುತ್ತದೆ, ಇನ್ನೊಂದು ಮೂಲೆಗೆ ಮುಟ್ಟಿಯೇ ಇರುವುದಿಲ್ಲ. ಹೀಗಾಗಿ ಒಂದೇ ದಿನ, ಒಂದೇ ಯಂತ್ರದಿಂದ, ಒಂದೇ ಪುಡಿಯಿಂದ ಬಂದ ಎರಡು ಮಾತ್ರೆಗಳಲ್ಲಿ ಒಂದರಲ್ಲಿ ಏನೂ ಇಲ್ಲದೆ ಮತ್ತೊಂದರಲ್ಲಿ 4 ಮಿಲಿಗ್ರಾಂ ಇರುವುದು ಸಾಧ್ಯ. ಒಂದೇ ಮಾತ್ರೆಯ ಎರಡು ಹೋಳುಗಳ ನಡುವೆಯೂ ಹೀಗೆಯೇ. ಕಳೆದ ವಾರ ಇದೇ ಪೊಟ್ಟಣದಿಂದ ಒಂದು ತೆಗೆದುಕೊಂಡಿದ್ದೆ, ಏನೂ ಆಗಲಿಲ್ಲ ಎಂಬ ಮಾತಿಗೆ, ಗೆಳೆಯ ಅರ್ಧ ನುಂಗಿ ಚೆನ್ನಾಗಿಯೇ ಇದ್ದಾನೆ ಎಂಬ ಮಾತಿಗೆ ಈ ಕಾರಣದಿಂದಲೇ ಕವಡೆಕಾಸಿನ ಬೆಲೆಯೂ ಇಲ್ಲ.

ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ವಶಪಡಿಸಿಕೊಂಡು ಪರೀಕ್ಷಿಸಿದ ಫೆಂಟನಿಲ್ ಬೆರೆತ ಮಾತ್ರೆಗಳಲ್ಲಿ, ಮಾರಕವಾಗಬಲ್ಲ ಪ್ರಮಾಣ ಇದ್ದದ್ದು 2022ರಲ್ಲಿ 10ಕ್ಕೆ 6ರಲ್ಲಿ, 2023ರಲ್ಲಿ 10ಕ್ಕೆ 7ರಲ್ಲಿ, 2024ರಲ್ಲಿ 10ಕ್ಕೆ 5ರಲ್ಲಿ. ಕೊನೆಯ ಅಂಕಿ ಇಳಿದಿದೆ ಎಂದು ಸಮಾಧಾನ ಪಡುವವರು ನಾಣ್ಯ ಚಿಮ್ಮಿ ಪ್ರಾಣವನ್ನು ಪಣಕ್ಕಿಡಲು ಸಿದ್ಧರಿರಬೇಕು. ಆಕ್ಸಿಕೊಡೋನ್ ಮಾತ್ರವಲ್ಲದೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್, ಗಮನ ಕೇಂದ್ರೀಕರಿಸಲಾಗದ ಸಮಸ್ಯೆಗೆ ಕೊಡುವ ಅಡೆರಾಲ್ ಮಾತ್ರೆಗಳ ರೂಪದಲ್ಲಿಯೂ ನಕಲಿಗಳು ಸಿಕ್ಕಿವೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಲು ಮಾತ್ರೆ ಹುಡುಕುವ ವಿದ್ಯಾರ್ಥಿಗೆ ತಾನು ಅಫೀಮಿನ ಜಾತಿಯ ವಸ್ತುವಿನ ಹತ್ತಿರ ಸುಳಿಯುತ್ತಿದ್ದೇನೆಂಬ ಕಲ್ಪನೆಯೂ ಇರುವುದಿಲ್ಲ. ಯುರೋಪಿನಲ್ಲಿ ನೈಟಜೀನ್ ಎಂಬ ಗುಂಪಿನ ರಾಸಾಯನಿಕಗಳು ನಕಲಿ ಮಾತ್ರೆಗಳಲ್ಲಿ ಕಾಣಿಸಿಕೊಂಡಿವೆ. ಇವುಗಳಲ್ಲಿ ಕೆಲವು ಫೆಂಟನಿಲ್‌ಗಿಂತಲೂ ಪ್ರಬಲ.

ಸಂಗೀತಗಾರ ಪ್ರಿನ್ಸ್ 2016ರ ಏಪ್ರಿಲ್‌ನಲ್ಲಿ ಮಿನೆಸೋಟದ ತಮ್ಮ ನಿವಾಸದಲ್ಲಿ ತೀರಿಕೊಂಡಾಗ ಸಾವಿಗೆ ಕಾರಣ ಫೆಂಟನಿಲ್ ಎಂದು ತಿಳಿದುಬಂತು. ಎರಡು ವರ್ಷಗಳ ತನಿಖೆಯ ನಂತರ ಅಲ್ಲಿನ ಸರ್ಕಾರಿ ವಕೀಲರು ಹೇಳಿದ್ದು ಇಷ್ಟು: ಅವರು ವೈಕೊಡಿನ್ ಎಂಬ ನೋವು ನಿವಾರಕವನ್ನೇ ನುಂಗುತ್ತಿದ್ದೇನೆಂದು ನಂಬಿದ್ದರು, ಅದು ಫೆಂಟನಿಲ್ ಬೆರೆತ ನಕಲಿಯೆಂದು ಅವರಿಗೆ ಗೊತ್ತಿತ್ತೆನ್ನಲು ಆಧಾರವಿಲ್ಲ. ಆ ನಕಲಿಗಳು ಅವರ ಕೈಗೆ ಹೇಗೆ ಬಂದವೆಂಬುದು ಸಾಬೀತಾಗದೆ ಯಾರ ಮೇಲೂ ಆರೋಪ ಹೊರಿಸಲಾಗಲಿಲ್ಲ. ಬೇಕಾದ ವೈದ್ಯರನ್ನು ಕರೆಸಿಕೊಳ್ಳುವಷ್ಟು ಅನುಕೂಲವಿದ್ದ ವ್ಯಕ್ತಿಯ ಮನೆಯಲ್ಲಿ ಕೂಡ, ಬೇರೆ ಮಾತ್ರೆಯ ಹೆಸರಿದ್ದ ಡಬ್ಬಿಯೊಳಗೆ ಈ ಮಾತ್ರೆಗಳು ಬಿಡಿಬಿಡಿಯಾಗಿ ಬಿದ್ದಿದ್ದವು.

ಫೆಂಟನಿಲ್ ಕೊಲ್ಲುವುದು ಉಸಿರನ್ನು ಮರೆಯಿಸಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಉಸಿರೆಳೆದುಕೋ ಎಂದು ಆಜ್ಞೆ ಕೊಡುವುದು ಮಿದುಳಿನ ಕಾಂಡದ ಕೆಲಸ. ನಿದ್ದೆಯಲ್ಲೂ ಅದು ನಿಲ್ಲುವುದಿಲ್ಲ. ಅಫೀಮಿನ ಜಾತಿಯ ಔಷಧಗಳು ಈ ಎಚ್ಚರಿಕೆಯನ್ನು ಮಂಕುಗೊಳಿಸುತ್ತವೆ. ವ್ಯಕ್ತಿ ಮೊದಲು ತೂಕಡಿಸುತ್ತಾನೆ, ಉಸಿರು ವಿರಳವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಪಕ್ಕದಲ್ಲಿರುವವರಿಗೆ ಇದು ಗಾಢ ನಿದ್ದೆಯಂತೆಯೇ ಕಾಣುವುದು ದೊಡ್ಡ ದುರಂತ. ಅಮೆರಿಕದಲ್ಲಿ 2019ರ ಜುಲೈಯಿಂದ 2021ರ ಕೊನೆಯವರೆಗೆ ಮಿತಿಮೀರಿದ ಔಷಧ ಸೇವನೆಯಿಂದ ಸತ್ತ 10ರಿಂದ 19 ವರ್ಷದವರ ಪ್ರಕರಣಗಳನ್ನು ಪರಿಶೀಲಿಸಿದಾಗ, ಸುಮಾರು ನಾಲ್ಕನೇ ಒಂದು ಭಾಗದಲ್ಲಿ ನಕಲಿ ಮಾತ್ರೆಯ ಕುರುಹು ಸಿಕ್ಕಿತು. ಸುಮಾರು ಮೂರನೇ ಎರಡು ಭಾಗದಲ್ಲಿ ಹತ್ತಿರದಲ್ಲೇ ಯಾರೋ ಇದ್ದರು. ಹತ್ತಿರದಲ್ಲಿ ಜನರಿದ್ದೂ ಜೀವ ಹೋಯಿತೆಂದರೆ ಅದರ ಅರ್ಥ, ಎದುರಿಗಿರುವುದು ನಿದ್ದೆಯಲ್ಲ ಎಂದು ಗುರುತಿಸುವ ತಿಳಿವಳಿಕೆ ಅಲ್ಲಿರಲಿಲ್ಲ, ಇಲ್ಲವೇ ಕರೆಯಲು ಹೆದರಿಕೆಯಿತ್ತು.

ಆದ್ದರಿಂದ ಗುರುತುಗಳನ್ನು ತಿಳಿದಿರಬೇಕು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿರುತ್ತದೆ. ಕೂಗಿದರೂ, ಎದೆಯ ನಡುಮೂಳೆಯನ್ನು ಬೆರಳ ಗೆಣ್ಣಿನಿಂದ ಬಲವಾಗಿ ಉಜ್ಜಿದರೂ ಎಚ್ಚರವಾಗುವುದಿಲ್ಲ. ಗಂಟಲಿನಿಂದ ಗೊರಕೆಯಂಥ, ನೀರು ಗುಳುಗುಳಿಸಿದಂಥ ಸದ್ದು ಬರುತ್ತದೆ. ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ ಅಥವಾ ಬೂದಿ ಬಣ್ಣಕ್ಕೆ ತಿರುಗುತ್ತವೆ. ಹೀಗಿದ್ದಾಗ ಮಲಗಲಿ, ಬೆಳಗಾದರೆ ಸರಿಹೋಗುತ್ತದೆ ಎಂದು ಬಿಡಬಾರದು. ತುರ್ತು ಸೇವೆಗೆ ಕೂಡಲೇ ಕರೆ ಮಾಡಬೇಕು. ಉಸಿರಾಟವಿದ್ದರೆ ಮಗ್ಗುಲಾಗಿ ಮಲಗಿಸಬೇಕು, ನಿಂತಿದ್ದರೆ ಕರೆಯ ಆ ಬದಿಯಲ್ಲಿರುವವರು ಹೇಳಿದಂತೆ ಕೃತಕ ಉಸಿರಾಟ ಕೊಡಬೇಕು. ನಾಲೊಕ್ಸೋನ್ ಎಂಬ ಮದ್ದು ಸಿಗುವಂತಿದ್ದರೆ ಅದನ್ನು ಕೊಡಬೇಕು. ಮೂಗಿಗೆ ಸಿಂಪಡಿಸುವ ಅದರ ರೂಪವನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅಮೆರಿಕ 2023ರ ಮಾರ್ಚ್‌ನಲ್ಲಿ ಅನುಮತಿ ಕೊಟ್ಟಿತು. ಫೆಂಟನಿಲ್ ಹಿಡಿದು ಕುಳಿತ ಜಾಗದಿಂದ ಅದನ್ನು ತಳ್ಳಿ ನಾಲೊಕ್ಸೋನ್ ಎರಡು ಮೂರು ನಿಮಿಷಗಳಲ್ಲಿ ಉಸಿರಾಟವನ್ನು ಮರಳಿಸಬಲ್ಲದು. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ. ದೇಹದಲ್ಲಿ ಉಳಿದ ಫೆಂಟನಿಲ್ ಮತ್ತೆ ಮೇಲುಗೈ ಪಡೆಯಬಹುದು. ಎದ್ದು ಕುಳಿತು ಮಾತಾಡಿದ ಎಂದು ಆಂಬ್ಯುಲೆನ್ಸ್ ಬೇಡವೆನ್ನುವುದು ತಪ್ಪಾಗುತ್ತದೆ. ನಿದ್ರಾಜನಕ ಮಾತ್ರೆಗಳ ಮೇಲೆ ನಾಲೊಕ್ಸೋನ್ ಕೆಲಸ ಮಾಡುವುದಿಲ್ಲ. ಆದರೂ ಏನು ನುಂಗಿದ್ದಾರೋ ತಿಳಿಯದಾಗ ಅದನ್ನು ಕೊಡುವುದರಿಂದ ನಷ್ಟವಿಲ್ಲ. ಅಂದ ಹಾಗೆ, ಫೆಂಟನಿಲ್ ಇದ್ದವರನ್ನು ಮುಟ್ಟಿದರೆ ಸಾಕು, ಮುಟ್ಟಿದವರೂ ಸಾಯುತ್ತಾರೆ ಎಂಬ ಗಾಳಿಸುದ್ದಿ ಬಹಳ ಹಬ್ಬಿದೆ. ಚರ್ಮದ ಮೇಲೆ ಕ್ಷಣಮಾತ್ರ ತಾಗಿದ ಪುಡಿ ಹಾಗೆ ಒಳಹೋಗುವುದಿಲ್ಲವೆಂದು ವಿಷವೈದ್ಯ ತಜ್ಞರು ಸ್ಪಷ್ಟಪಡಿಸಿದ್ದಾರೆ. ಈ ಸುದ್ದಿಗೆ ಹೆದರಿ ನೆರವು ತಡವಾದರೆ ಅದೇ ಜೀವ ತೆಗೆಯುತ್ತದೆ.

ಇಂಥ ಮಾತ್ರೆಗಳನ್ನು ಜನ ಯಾಕೆ ಕೊಳ್ಳುತ್ತಾರೆ ಎಂದು ಕೇಳುವಾಗ ದನಿಯಲ್ಲಿ ತಾತ್ಸಾರ ಸುಳಿಯುವುದುಂಟು. ಆ ತಾತ್ಸಾರ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಔಷಧದ ಕೊರತೆ ಉಂಟಾದಾಗ, ಬೆಲೆ ಕೈಗೆಟುಕದಾಗ, ವೈದ್ಯರನ್ನು ಕಾಣಲು ವಾರಗಟ್ಟಲೆ ಕಾಯಬೇಕಾದಾಗ ಜನ ಅಡ್ಡದಾರಿ ಹಿಡಿಯುತ್ತಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಹೇಳಿಕೊಳ್ಳಲು ಸಂಕೋಚವಾಗುವ ತೊಂದರೆಗಳು ಅವರನ್ನು ಆ ದಾರಿಗೆ ತಳ್ಳುತ್ತವೆ: ಲೈಂಗಿಕ ಸಮಸ್ಯೆ, ನಿದ್ದೆ ಬಾರದಿರುವುದು, ಆತಂಕ, ಬೊಜ್ಜು, ಬಿಡಲಾಗದ ನೋವುಮಾತ್ರೆಯ ಚಟ. ನಕಲಿ ಮಾರುವವನಿಗೆ ಈ ನಾಚಿಕೆಗಿಂತ ದೊಡ್ಡ ಪಾಲುದಾರ ಇಲ್ಲ. ಗ್ರಾಹಕ ದೂರು ಕೊಡುವುದಿಲ್ಲ, ಬಿಲ್ಲು ಕೇಳುವುದಿಲ್ಲ, ಕಾಯಿಲೆ ಬಿದ್ದರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಹದಿಹರೆಯದವರಿದ್ದರೆ ಹಿರಿಯರು ಈ ವಿಷಯವನ್ನು ಬೈಗುಳವಿಲ್ಲದೆ ಮಾತಾಡುವುದು ಯಾವ ಭಿತ್ತಿಪತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಸಿಕ್ಕಿಬಿದ್ದರೆ ಬೈಸಿಕೊಳ್ಳಬೇಕಾದೀತೆಂಬ ಭಯ ಕರೆ ಮಾಡಬೇಕಾದ ಕೈಯನ್ನು ತಡೆಯಬಾರದು.

ಮಾರಾಟದ ದಾರಿ ಬಹುಪಾಲು ಫೋನಿನೊಳಗೇ ಇದೆ. ತಮ್ಮ ನಿಜವಾದ ವಿಳಾಸವನ್ನು ಮರೆಮಾಚುವ ಅಕ್ರಮ ಜಾಲತಾಣಗಳಿಂದ ಕೊಂಡ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದುಂಟು. ವೈದ್ಯರ ಚೀಟಿ ಕೇಳದೆ ಚೀಟಿಯ ಔಷಧ ಕಳಿಸುವುದಾಗಿ ಹೇಳುವ, ಸಂಪರ್ಕಕ್ಕೆ ಔಷಧ ತಜ್ಞರೊಬ್ಬರ ಹೆಸರೂ ಇಲ್ಲದ, ಬೆಲೆ ನಂಬಲಾಗದಷ್ಟು ಇಳಿಸಿರುವ ತಾಣವನ್ನು ಆ ಒಂದೇ ಕಾರಣಕ್ಕೆ ಬಿಟ್ಟುಬಿಡಬಹುದು. ಸಾಮಾಜಿಕ ಜಾಲತಾಣದಲ್ಲಿ ಸಂದೇಶ ಕಳಿಸಿ ಮಾರುವವನ ವಿಷಯದಲ್ಲಿ ಇಷ್ಟು ಯೋಚನೆಯೂ ಬೇಕಾಗಿಲ್ಲ. ಸ್ನೇಹಿತ ಕೊಟ್ಟ ಬಿಡಿ ಮಾತ್ರೆ ಇವೆಲ್ಲಕ್ಕಿಂತ ಮೋಸಗೊಳಿಸುವಂಥದ್ದು, ಏಕೆಂದರೆ ನಂಬಿಕೆ ಸ್ನೇಹಿತನ ಮೇಲಿನದು, ಮಾತ್ರೆಯಾದರೋ ಅವನಿಗೂ ಗುರುತಿಲ್ಲದವರ ಕೈಯದು.

ಪೊಟ್ಟಣವನ್ನು ಗಮನಿಸುವುದರಿಂದ ಸ್ವಲ್ಪ ಉಪಯೋಗವಿದೆ, ಸ್ವಲ್ಪ ಮಾತ್ರ. ಅಕ್ಷರದ ತಪ್ಪು, ಹೊರಗಿನ ಪೆಟ್ಟಿಗೆಯ ಬ್ಯಾಚ್ ಸಂಖ್ಯೆಗೂ ಒಳಗಿನ ಪಟ್ಟಿಯ ಸಂಖ್ಯೆಗೂ ವ್ಯತ್ಯಾಸ, ಕೆರೆದು ಮತ್ತೆ ಅಚ್ಚುಹಾಕಿದ ಅವಧಿ ದಿನಾಂಕ, ಮುರಿದ ಮುದ್ರೆ, ಸುಲಭವಾಗಿ ಪುಡಿಯಾಗುವ ಅಥವಾ ಕಳೆದ ತಿಂಗಳದ್ದಕ್ಕಿಂತ ಬೇರೆ ಬಣ್ಣದ ಮಾತ್ರೆ ಕಂಡರೆ ಕೇಳಬೇಕು. ಆದರೆ ಇವು ಯಾವುವೂ ಕಾಣಲಿಲ್ಲವೆಂದರೆ ಅಸಲಿಯೆಂದು ತೀರ್ಮಾನಿಸುವಂತಿಲ್ಲ. ಹೊಲೊಗ್ರಾಮನ್ನೇ ನಕಲು ಮಾಡಿದವರಿಗೆ ಕಾಗುಣಿತ ಸರಿಪಡಿಸಿಕೊಳ್ಳುವುದು ಕಷ್ಟವಲ್ಲ. ಪೊಟ್ಟಣಕ್ಕೊಂದು ವಿಶಿಷ್ಟ ಸಂಕೇತ ಕೊಡುವ ಪದ್ಧತಿ ಇದಕ್ಕಿಂತ ಗಟ್ಟಿ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ ಚೀಟಿಯ ಔಷಧದ ಪ್ರತಿ ಪೊಟ್ಟಣವನ್ನೂ ರೋಗಿಗೆ ಕೊಡುವ ಮುನ್ನ ಸ್ಕ್ಯಾನ್ ಮಾಡಿ ಕೇಂದ್ರ ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಒಮ್ಮೆ ಮಾರಾಟವಾದ ಸಂಕೇತ ಮತ್ತೊಮ್ಮೆ ಬಂದರೆ ಎಚ್ಚರಿಕೆ ಮೊಳಗುತ್ತದೆ. ಘಾನಾ ಮತ್ತು ನೈಜೀರಿಯಾಗಳಲ್ಲಿ ಪೊಟ್ಟಣದ ಮೇಲಿನ ಲೇಪ ಕೆರೆದು, ಕಾಣುವ ಸಂಖ್ಯೆಯನ್ನು ಮೊಬೈಲ್ ಸಂದೇಶದಲ್ಲಿ ಕಳಿಸಿ ಉತ್ತರ ಪಡೆಯುವ ಸರಳ ಉಪಾಯ ಬಳಕೆಗೆ ಬಂತು. ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಈ ಎಲ್ಲ ವ್ಯವಸ್ಥೆಗಳೂ ಪೊಟ್ಟಣಕ್ಕೆ ಅಂಟಿಕೊಂಡಿವೆ, ಮಾತ್ರೆಗಲ್ಲ. ಪೊಟ್ಟಣದಿಂದ ಹೊರಬಂದು ಚೀಲದಲ್ಲಿ ಬಿದ್ದ ಬಿಡಿ ಮಾತ್ರೆಗೆ ಇವು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಫೆಂಟನಿಲ್ ಪತ್ತೆಗೆ ಕಾಗದದ ಪರೀಕ್ಷಾಪಟ್ಟಿಗಳಿವೆ. ಮಾತ್ರೆಯ ಪುಡಿಯನ್ನು ನೀರಿನಲ್ಲಿ ಕರಗಿಸಿ ಪಟ್ಟಿಯನ್ನು ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಇದ್ದದ್ದನ್ನು ಹೇಳಲು ಇದು ಒಳ್ಳೆಯ ಸಾಧನ. ಇಲ್ಲವೆಂದು ಹೇಳಿದಾಗ ಮಾತ್ರ ಪೂರ್ತಿ ನೆಚ್ಚುವಂತಿಲ್ಲ. ಒಂದು ಮೂಲೆಯನ್ನು ಕೆರೆದು ಪರೀಕ್ಷಿಸಿದಾಗ ಮಾರಕ ಕಣಗಳು ಇನ್ನೊಂದು ಮೂಲೆಯಲ್ಲಿರಬಹುದು. ಎಷ್ಟಿದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ, ಫೆಂಟನಿಲ್ ಅಲ್ಲದ ನೈಟಜೀನ್‌ಗಳನ್ನು ಅದು ಗುರುತಿಸುವುದೂ ಇಲ್ಲ.

ಔಷಧ ನುಂಗಿದ ಮೇಲೆ ಎಂದೂ ಆಗದ ಪರಿಣಾಮ ಕಂಡರೆ, ಅಥವಾ ಆಗಬೇಕಾದ ಗುಣ ಕಾಣದಿದ್ದರೆ, ಮಾತ್ರೆಯನ್ನೂ ಶಂಕಿಸಬಹುದೆಂದು ವೈದ್ಯರಿಗೆ ನೆನಪಿಸಲು ಹಿಂಜರಿಯಬೇಕಿಲ್ಲ. ಎಲ್ಲಿಂದ ಕೊಂಡದ್ದೆಂಬುದನ್ನು ಮುಚ್ಚಿಡದೆ ಹೇಳಬೇಕು. ಉಳಿದ ಮಾತ್ರೆಗಳನ್ನು ಸಿಟ್ಟಿನಿಂದಲೋ ಹೆದರಿಕೆಯಿಂದಲೋ ಎಸೆಯುವುದು ಸಹಜವಾದರೂ, ಹಾಗೆ ಮಾಡಬಾರದು. ಪೆಟ್ಟಿಗೆ, ಪಟ್ಟಿ, ಬಿಲ್ಲುಗಳ ಸಮೇತ, ಮಕ್ಕಳ ಕೈಗೆ ಸಿಗದಂತೆ ತೆಗೆದಿಟ್ಟು ಔಷಧ ನಿಯಂತ್ರಣ ಇಲಾಖೆಗೆ ತಲುಪಿಸಬೇಕು. ಕಾಂಗೋದಲ್ಲಿ ಸಾವಿರ ಮಂದಿಯ ಕುತ್ತಿಗೆ ತಿರುಚಿದ್ದರ ಕಾರಣ ತಿಳಿದದ್ದು ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಗಳಿಂದಲೇ.